ಬೀಗ ಹಾಕಿಟ್ಟ ಕ್ಯಾಮೆರಾ

ಭಾವ,

ನೀವು ತೀರಿಕೊಂಡು ಮೂರು ವರ್ಷವಾಯಿತು. ಇದು ನಿಮಗೆ ತಲುಪುವುದಿಲ್ಲ ಎಂಬ ಧೈರ್ಯದಲ್ಲೇ ಬರೆಯುತ್ತಿದ್ದೇನೆ.

ಇವತ್ತು ನನ್ನ ಹಳೆಯ ರೀಲು ಕ್ಯಾಮೆರಾವನ್ನು ರಿಪೇರಿಗೆ ಒಯ್ದಿದ್ದೆ. ಸ್ಟುಡಿಯೋಗೆ ಬಂದಾಗಲೆಲ್ಲ ನೀವು ಅದರ ಚರ್ಮದ ಕೇಸು ಬಿಚ್ಚಿಡುತ್ತಿದ್ದಿರಿ. “ಹೊರಗೆ ಹೋಗುವಾಗ ಹಾಕಪ್ಪಾ, ಒಳಗಿಡುವಾಗ ಅದಕ್ಕೂ ಸ್ವಲ್ಪ ಗಾಳಿಯಾಡ್ಲಿ” ಎನ್ನುತ್ತಿದ್ದಿರಿ. ಮುಖ ನೋಡಿಯೇ ಗಿರಾಕಿಯನ್ನು ಅಳೆಯುವವನು ನಾನು. ಕ್ಯಾಮೆರಾದ ಮೇಲೆ ನಿಮ್ಮ ಕಣ್ಣು ಬಿದ್ದಿದೆ ಎಂದು ಲೆಕ್ಕ ಹಾಕಿದೆ. ಕೇಸು ತೊಡಿಸಿ, ಬೀರುವಿನಲ್ಲಿಟ್ಟು, ನಿಮ್ಮೆದುರಿಗೇ ಬೀಗ ಹಾಕಿದೆ. ಆಮೇಲೆ ನೀವು ಸ್ಟುಡಿಯೋ ಕಡೆ ತಲೆ ಹಾಕಲಿಲ್ಲ. “ನೋಡಿದ್ಯಾ, ನನ್ನ ಅನುಮಾನ ಸುಳ್ಳಾಗಲ್ಲ” ಎಂದು ಅಕ್ಕನ ಹತ್ತಿರ ಬೀಗಿದ್ದೆ.

ರಿಪೇರಿಯವನು ಲೆನ್ಸನ್ನು ಬೆಳಕಿಗೆ ಹಿಡಿದ. ಒಳಗೆಲ್ಲ ಜೇಡರ ಬಲೆಯಂತೆ ಬೂಷ್ಟು. ಇವನೇ ಬದಲಾಯಿಸಿರಬಹುದೆಂದು ಲೆನ್ಸಿನ ನಂಬರು ಓದಿ ನೋಡಿದೆ. ನನ್ನದೇ.

“ಚರ್ಮ ತೇವ ಹಿಡಿಯುತ್ತೆ ಸಾರ್. ವರ್ಷಗಟ್ಟಲೆ ಕೇಸಲ್ಲೇ ಮುಚ್ಚಿಟ್ರೆ ಹೀಗೇ ಆಗೋದು. ನಿಮಗೆ ಯಾರೂ ಹೇಳ್ಲಿಲ್ವಾ?”

“ಇಲ್ಲಪ್ಪ, ಯಾರೂ ಹೇಳ್ಲಿಲ್ಲ” ಎಂದೆ.