ಬಸ್ಸು ನಿಲ್ಲುವ ಕಡೆ ಮನೆ

ರೂವಿ, ಮಸ್ಕತ್
೨ ಮಾರ್ಚ್ ೧೯೮೭, ಸೋಮವಾರ

ಪ್ರೀತಿಯ ಟೀಚರಿಗೆ,

ಲೋಲಾಕ್ಷಿಯ ನಮಸ್ಕಾರಗಳು. ಒಂದಲ್ಲ, ಹತ್ತು! ಇವತ್ತು ನನ್ನ ಪೆನ್ನು ಮುಂದೆ ಓಡುತ್ತಿದೆ, ನಾನು ಅದರ ಹಿಂದೆ ಓಡುತ್ತಿದ್ದೇನೆ. ಸುದ್ದಿಯನ್ನು ಪತ್ರದ ಕೊನೆಗೆ ಇಡಬೇಕು, ನೀವು ಕಾತರದಿಂದ ಓದಬೇಕು ಎಂದೆಲ್ಲ ಲೆಕ್ಕ ಹಾಕಿದ್ದೆ. ಆಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ನಮ್ಮ ಪೂರ್ಣಿಗೆ ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಸೀಟು ಸಿಕ್ಕಿತು! ಮೂರನೇ ತರಗತಿ. ಏಪ್ರಿಲ್ ಮೊದಲ ವಾರ ಶಾಲೆ ತೆರೆಯುತ್ತದೆ. ಆ ದಿನ ಮಗು ಬೆಂಚಿನ ಮೇಲೆ ಕುಳಿತಿರಬೇಕು, ಇಲ್ಲದಿದ್ದರೆ ಸೀಟು ಪಟ್ಟಿಯಲ್ಲಿರುವ ಮುಂದಿನ ಮಗುವಿಗೆ ಹೋಗುತ್ತದೆ. ಆ ಪಟ್ಟಿ ಎಷ್ಟು ಉದ್ದ ಇದೆ ಎಂದರೆ ಗುಮಾಸ್ತರು ಅದನ್ನು ಮಡಚಿ ಮಡಚಿ ಇಟ್ಟುಕೊಂಡಿದ್ದಾರೆ.

ಇನ್ನು ಬೇಕಾಗಿರುವುದು ನಿಮ್ಮ ಒಂದು "ಆಗಲಿ" ಮಾತ್ರ.

ನಿಮ್ಮ ಕಾಗದ ನನ್ನ ಎದುರಿಗೇ ಇದೆ. ಅಬ್ಬಾ, ಐದೇ ಸಾಲು! "ಪೂರ್ಣಿ ಇಲ್ಲಿ ನಮ್ಮ ಸರಕಾರಿ ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ಅಲ್ಲಿಯ ಶಾಲೆ ಯಾವುದು, ಮನೆ ಎಲ್ಲಿ, ಮಗು ಬರುವಾಗ ಮನೆಯಲ್ಲಿ ಯಾರು ಇರುತ್ತಾರೆ, ವಿವರವಾಗಿ ಬರೆ. ಆಮೇಲೆ ನೋಡುವ." ಮದುವೆಯಾದ ಹೊಸದರಲ್ಲಿ ಪೂರ್ಣಿಯ ಅಜ್ಜಿಯಾದ ನಿಮ್ಮನ್ನು ನಾನು ಏನೆಂದು ಕರೆಯಲಿ ಎಂದು ಒದ್ದಾಡುತ್ತಿದ್ದಾಗ ನೀವೇ ಅಲ್ಲವೇ ಹೇಳಿದ್ದು, "ಅತ್ತೆಯೂ ಬೇಡ, ಅಮ್ಮನೂ ಬೇಡ, ಊರೇ ಟೀಚರ್ ಅಂತದೆ, ನೀನೂ ಹಾಗೇ ಕರಿ" ಅಂತ. ಹಾಗಾಗಿ ಇದನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆ ಎಂದೇ ತಿಳಿದು ಉತ್ತರ ಬರೆಯುತ್ತಿದ್ದೇನೆ. ನನ್ನ ಕನ್ನಡ ಕಾನ್ವೆಂಟಿನ ಕನ್ನಡ. ಹಿಂದಿನ ಪತ್ರದಂತೆ ಇದಕ್ಕೂ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದರೆ ಬೇಸರವಿಲ್ಲ!

ಮೊದಲು ಮನೆಯ ವಿಷಯ. ಇಲ್ಲಿ ಶಾಲೆಯನ್ನು ನೋಡಿ ಮನೆ ಹಿಡಿಯಬೇಕು. ಇದು ನನಗೆ ಗೊತ್ತೇ ಇರಲಿಲ್ಲ. ಇವರ ಕಂಪನಿಯ ಕ್ಯಾಂಪು ಸೊಹಾರಿನಿಂದ ಒಳಗೆ, ಗುಡ್ಡಗಳ ನಡುವೆ. ಅಲ್ಲಿ ನಮಗೆ ಕೊಟ್ಟಿದ್ದ ಮನೆ ಒಳ್ಳೆಯದೇ. ಮೂರು ಕೋಣೆ, ಹಿತ್ತಲಲ್ಲಿ ಒಂದು ಲಿಂಬೆ ಗಿಡ ಬೇರೆ. ಡಿಸೆಂಬರಿನಲ್ಲಿ ನಾನು ಬಂದಿಳಿದಾಗ, ಅಯ್ಯೋ ಇದೇನು ಸ್ವರ್ಗವೇ ಎಂದುಕೊಂಡೆ. ಆದರೆ ಅಲ್ಲಿ ನಮ್ಮ ಮಕ್ಕಳು ಓದುವಂಥ ಶಾಲೆ ಇಲ್ಲ. ಮಸ್ಕತ್ತಿಗೆ ಕಾರಿನಲ್ಲಿ ಮೂರು ತಾಸು. ಏಳು ವರ್ಷದ ಮಗು ದಿನಾ ಆರು ತಾಸು ಕಾರಿನಲ್ಲಿ ಕೂರುವುದು ಸಾಧ್ಯವೇ?

ಹಾಗಾಗಿ ಮನೆ ಹುಡುಕಲು ಶುರು ಮಾಡಿದೆವು. ಮೊದಲು ನೋಡಿದ್ದು ಮಸ್ಕತ್ತಿನ ಅಂಚಿನ ಅಲ್ ಹೈಲ್‌ನಲ್ಲಿ. ಟೀಚರ್, ಆ ಮನೆ! ಅಡುಗೆಮನೆಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ನಾನು ನಿಂತಲ್ಲೇ ಮನಸ್ಸಿನಲ್ಲಿ ಪರದೆ ಕಟ್ಟಿ, ಪೂರ್ಣಿಯ ಮಂಚ ಹಾಕಿ, ಮಲ್ಲಿಗೆ ನೆಟ್ಟು ಆಗಿತ್ತು. ಇವರಿಗೂ ತುಂಬಾ ಹಿಡಿಸಿತು. "ಹೂಂ ಅನ್ನಲಾ?" ಎಂದರು. ನಾನು ಹೂಂ ಅನ್ನುವಷ್ಟರಲ್ಲಿ ರೋಸಲಿಂಡ್ ನನ್ನ ಕೈ ಚಿವುಟಿದರು. ಇವರ ಹಳೆಯ ಗೆಳೆಯ ಎಡ್ಮಂಡರ ಹೆಂಡತಿ, ಬಜ್ಪೆಯ ಕಡೆಯವರು, ಹತ್ತು ವರ್ಷದಿಂದ ರೂವಿಯಲ್ಲಿದ್ದಾರೆ. "ಎಂತ ಮಾರಾಯ್ತಿ, ಸಮುದ್ರ ಎಂತಕ್ಕೆ? ಊರಲ್ಲಿ ಸಮುದ್ರ ಇಲ್ವಾ? ಮೊದಲು ಬಸ್ಸು ಉಂಟಾ ಕೇಳು. ಬಸ್ಸು ನಿಲ್ಲುವ ಕಡೆ ಮನೆ ಹಿಡಿ, ಇಲ್ಲದಿದ್ರೆ ಸೀಟಿಗೆ ಟಾಟಾ ಹೇಳು" ಎಂದರು. ಸಂಗತಿ ಏನೆಂದರೆ, ಸೀಟು ಕಡಿಮೆ, ಮಕ್ಕಳು ಹೆಚ್ಚು. ಶಾಲೆಯ ಬಸ್ಸು ಈಗಾಗಲೇ ಓಡುತ್ತಿರುವ ಬೀದಿಗಳ ಮಕ್ಕಳಿಗೆ ಮೊದಲ ಸರದಿ. ಅಲ್ ಹೈಲ್‌ಗೆ ಆ ಬಸ್ಸು ಇಲ್ಲ. ಮುಂದಿನ ವರ್ಷ ಬರಬಹುದಂತೆ. ಈ ಊರಿನಲ್ಲಿ ಎಲ್ಲವೂ ಮುಂದಿನ ವರ್ಷ ಬರಬಹುದಂತೆ!

ಆದ್ದರಿಂದ ನಾವು ರೂವಿಯಲ್ಲಿ ಹಿಡಿದೆವು. ರೋಸಲಿಂಡರ ಕಟ್ಟಡದಲ್ಲೇ, ಎರಡನೇ ಮಾಳಿಗೆ. ಎರಡು ಕೋಣೆ, ಕೆಳಗೆ ಟೈಲರ್ ಅಂಗಡಿ. ಸಮುದ್ರದ ಬದಲು ಎದುರು ಕಟ್ಟಡದ ನೀರಿನ ಟ್ಯಾಂಕು ಕಾಣುತ್ತದೆ. ಇವರು ಒಳಗೆ ಬಂದು ಒಂದು ಸುತ್ತು ನೋಡಿ, "ಇದು ಮನೆಯಾ, ಬೆಂಕಿಪೊಟ್ಟಣವಾ?" ಎಂದರು. "ಬೆಂಕಿಪೊಟ್ಟಣವೇ, ಆದರೆ ಬಾಗಿಲಿನಿಂದ ಬಸ್ಸಿಗೆ ನಲವತ್ತೊಂದು ಹೆಜ್ಜೆ" ಎಂದೆ. ಹೌದು, ಎಣಿಸಿದ್ದೇನೆ. ಪೂರ್ಣಿಯ ಹೆಜ್ಜೆಯಲ್ಲಿ ಅರುವತ್ತು ಆಗಬಹುದು.

ಈಗ ಒಂದು ತಪ್ಪು ಒಪ್ಪಿಕೊಳ್ಳಬೇಕು. ಇವರಿಗೆ ಹೇಳುವಾಗ ನಗುತ್ತಾ ಹೇಳಿದೆ. ಆ ದಿನ ಮಾತ್ರ ಅಳು ಬಂದಿತ್ತು. ಇಲ್ಲಿ ಮನೆಗೆ ಅಂಚೆಯವನು ಬರುವುದಿಲ್ಲ, ಟೀಚರ್. ಎಲ್ಲರ ಕಾಗದವೂ ಕಂಪನಿಯ ಪೋಸ್ಟ್ ಬಾಕ್ಸಿಗೆ ಬಂದು ಬೀಳುತ್ತದೆ. ನೀವೂ ಬರೆಯುವುದು ಸೊಹಾರಿನ ಬಾಕ್ಸ್ ನಂಬರಿಗೇ ಅಲ್ಲವೇ? ಬಂದ ದಿನದಿಂದ ನಾನು ಊರಿಗೆ ಬರೆದ ಪ್ರತಿ ಪತ್ರದ ಮೇಲೂ ಅದೇ ನಂಬರು ಬರೆದು ಬರೆದು, ಶಾಲೆಯ ಫಾರಮ್ಮಿನಲ್ಲಿ "ವಿಳಾಸ" ಎಂದಿದ್ದ ಕಡೆಯೂ ಕೈ ತಾನಾಗಿಯೇ ಅದನ್ನೇ ಬರೆದುಬಿಟ್ಟಿತು! ಗುಮಾಸ್ತರು ಕೊಚ್ಚಿಯ ಕಡೆಯ ಹಿರಿಯರು. ಕನ್ನಡಕವನ್ನು ಹಣೆಗೆ ಏರಿಸಿ, "ಮೇಡಮ್, ಸೊಹಾರಿನಿಂದ ನಮ್ಮ ಬಸ್ಸಿಗೆ ನೀವು ಹೇಗೆ ಹತ್ತುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿ ಫಾರಮ್ಮನ್ನು ತಿರಸ್ಕರಿಸಿದ ಅರ್ಜಿಗಳ ಕಟ್ಟಿನ ಮೇಲೆ ಎಸೆದರು. ನಾನು ಮಿಸ್ಟೇಕ್ ಸರ್, ಮಿಸ್ಟೇಕ್ ಸರ್ ಎಂದು ನಾಲ್ಕು ಸಲ ಹೇಳಿದೆ. ಅವರಿಗೆ ದಿನಕ್ಕೆ ಹತ್ತು ಜನ ಇಲ್ಲದ ಮನೆ ತೋರಿಸುತ್ತಾರಂತೆ. ಬಾಡಿಗೆ ಕರಾರಿಗೆ ನಗರಸಭೆಯ ಮುದ್ರೆ ಇನ್ನೂ ಬಿದ್ದಿರಲಿಲ್ಲ. ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ. ನಾನು ರೂವಿಯಲ್ಲಿದ್ದೇನೆ ಎಂದು ತೋರಿಸುವುದು ಹೇಗೆ?

ಒಂದು ನಕ್ಷೆ ಬರೆದುಕೊಟ್ಟೆ. ರೌಂಡ್‌ಅಬೌಟು, ನೀಲಿ ಗುಮ್ಮಟದ ಮಸೀದಿ, ಹಣ್ಣಿನ ರಸದ ಅಂಗಡಿ, ಟೈಲರ್ ಅಂಗಡಿ, ಬಾಣದ ಗುರುತು ಹಾಕಿ ನಮ್ಮ ಬಾಲ್ಕನಿ. ಬಾಲ್ಕನಿಯಲ್ಲಿ ಒಂದು ಹೂಕುಂಡ ಕೂಡ ಬರೆದೆ. ಅವರು ನಕ್ಷೆಯನ್ನು ನೋಡಿ, "ಚಿತ್ರ ಚೆನ್ನಾಗಿದೆ, ಆದರೆ ಚಿತ್ರ ಯಾರು ಬೇಕಾದರೂ ಬರೆಯಬಹುದು" ಎಂದು ಬಸ್ಸಿನ ಡ್ರೈವರನ್ನೇ ಕರೆಸಿದರು. ಅವರ ಹೆಸರು ಕುಂಞಾಲಿ, ಕಾಸರಗೋಡಿನವರು. ನನ್ನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿದರು. ಮತ್ತೆ ನನ್ನ ಮುಖ ನೋಡಿದವರೇ ನಗಲು ಶುರು ಮಾಡಿದರು.

"ಈ ಚೇಚಿಯಾ? ಈ ಅಕ್ಕ ಟೈಲರಂಗಡಿ ಮೇಲಿನವರಲ್ವಾ ಸಾರ್! ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು ವಾಚು ನೋಡ್ತಾರೆ, ಮಕ್ಕಳಿಗೆಲ್ಲ ಕೈ ಬೀಸ್ತಾರೆ. ನಾನು ಗ್ರಹಿಸಿದ್ದು, ನಂದು ಲೇಟಾಗ್ತದಾ ಅಂತ ನೋಡ್ಲಿಕ್ಕೆ ನೀವೇ ಇಟ್ಟ ಜನ ಅಂತ!"

ಟೀಚರ್, ಅದು ನಿಜ! ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಮಕ್ಕಳನ್ನು ಹತ್ತಿಸುವಾಗ ಡ್ರೈವರ್ ಇಳಿಯುತ್ತಾರೋ ಇಲ್ಲವೋ, ದೊಡ್ಡ ಮಕ್ಕಳು ಸಣ್ಣವರನ್ನು ತಳ್ಳುತ್ತಾರೋ ಎಂದೆಲ್ಲ ನಾನು ದಿನಾ ನಿಂತು ನೋಡುತ್ತಿದ್ದೆ. ನೀವು ಕೇಳುತ್ತೀರಿ ಎಂದು ಗೊತ್ತಿತ್ತಲ್ಲ! ಬಸ್ಸು ಆರು ಐವತ್ತಕ್ಕೆ ಬರುತ್ತದೆ. ಕುಂಞಾಲಿ ಇಳಿಯುತ್ತಾರೆ, ಸಣ್ಣವರ ಚೀಲ ಹಿಡಿದುಕೊಳ್ಳುತ್ತಾರೆ. ಮಕ್ಕಳು ಹೋಗುವಾಗ ಸುಮ್ಮನೆ ನಿಲ್ಲಲು ಆಗದೆ ನಾನೂ ಕೈ ಬೀಸುತ್ತಿದ್ದೆ, ಅಷ್ಟೆ. ಗುಮಾಸ್ತರು ಫಾರಮ್ಮನ್ನು ಆ ಕಟ್ಟಿನಿಂದ ತೆಗೆದು ಸೀಟು ಸಿಕ್ಕವರ ಕಟ್ಟಿನ ಮೇಲೆ ಹಾಕಿದರು. ನಾನು ಅಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ನಾಚಿಕೆಯಾಯಿತು, ಇರಲಿ.

ಶಾಲೆಯ ಬಗ್ಗೆ ನಾನು ಸುಳ್ಳು ಹೊಗಳುವುದಿಲ್ಲ. ನಿಮ್ಮ ಪಡುಬೈಲು ಶಾಲೆ ನೋಡಿದವಳು ನಾನು. ಎರಡನೇ ತರಗತಿಯ ಮಕ್ಕಳು ಎದ್ದು ನಿಂತು ಮಗ್ಗಿ ಹೇಳಿದ್ದು, ಹೊರಗಿನ ನೆಲ್ಲಿಮರದ ಎಲೆ ಎಣಿಸಿ ಗುಣಾಕಾರ ಮಾಡಿದ್ದು ಎಲ್ಲ ನೆನಪಿದೆ. ಅಷ್ಟು ಹಣ ಕೊಟ್ಟು ಓದಿದ ನನ್ನ ಕಾನ್ವೆಂಟಿನಲ್ಲಿ ನನಗೆ ಹಾಗೆ ಯಾರೂ ಕಲಿಸಲಿಲ್ಲ. ಇಲ್ಲಿಯ ಶಾಲೆ ನಿಮ್ಮ ಶಾಲೆಗಿಂತ ಮೇಲು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯದು, ಅಷ್ಟೇ. ಕನ್ನಡ ಅಲ್ಲಿ ಕಲಿಸುವುದಿಲ್ಲ. ಅದನ್ನು ನಾನು ದಿನಾ ಸಂಜೆ ಒಂದು ತಾಸು ಕಲಿಸುತ್ತೇನೆ, ನೀವು ಪಾಠ ಬರೆದು ಕಳಿಸಿ. ನಾನೂ ಕಲಿತ ಹಾಗಾಯಿತು!

ಹಾಗಾದರೆ ಯಾಕೆ ಕರೆಸಬೇಕು ಎಂದು ನೀವು ಕೇಳುತ್ತೀರಿ. ಇದನ್ನು ನಿಮಗೆ ಈವರೆಗೆ ಹೇಳಿರಲಿಲ್ಲ. ಮದುವೆಯಾಗಿ ನಾವು ನಿಮ್ಮ ಮನೆಗೆ ಬಂದ ದಿನ ನೀವು ಬಾವಿಕಟ್ಟೆಯ ಹತ್ತಿರ ಇದ್ದಿರಿ. ಎರಡು ವರ್ಷಗಳ ನಂತರ ಅಪ್ಪನನ್ನು ಕಂಡ ಪೂರ್ಣಿ ಅಕ್ಕಿಮುಡಿಯ ಹಿಂದೆ ಅಡಗಿಕೊಂಡಳು. ಇವರು ಎಷ್ಟು ಕರೆದರೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಕೋಣೆಯಿಂದ ಇವರದೇ ಸ್ವರ ಕೇಳಿಸಿತು. ಹೋಗಿ ನೋಡಿದರೆ, ಮಗು ಟೇಪ್‌ರೆಕಾರ್ಡರಿನ ಮುಂದೆ ಕುಳಿತಿದೆ, ಇವರು ಕಳಿಸಿದ ಕ್ಯಾಸೆಟ್ ತಿರುಗುತ್ತಿದೆ. "ಪೂರ್ಣೀ, ಊಟ ಆಯ್ತಾ ಮಗಾ?" ಎಂದು ಕ್ಯಾಸೆಟ್ ಕೇಳಿತು. "ಆಯ್ತು ಅಪ್ಪ. ಮೀನು ಇತ್ತು. ಮನೆಗೆ ಯಾರೋ ಬಂದಿದ್ದಾರೆ" ಎಂದು ಮಗು ಅದಕ್ಕೆ ಉತ್ತರ ಕೊಟ್ಟಿತು.

ಇವರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋಗಲಿಲ್ಲ.

ಮದುವೆಯಾಗಿ ಮೂರು ದಿನ ಆಗಿತ್ತು ನನಗೆ. ಇವರ ಜೊತೆ ನಾನು ಸುಖವಾಗಿರಬೇಕಾದರೆ ಆ ಮಗು ಇವರ ಹತ್ತಿರ ಇರಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ನಾನು ಅವಳಿಗೆ ಅಮ್ಮ ಆಗುತ್ತೇನೆ ಎಂದು ಜಂಭ ಕೊಚ್ಚಿಕೊಳ್ಳುವುದಿಲ್ಲ, ಅಮ್ಮ ತೀರಿಹೋದ ನಿಮ್ಮ ಮಗಳು ಕುಸುಮಕ್ಕನೇ. ಕುಸುಮಕ್ಕನ ಫೋಟೋ ಈಗಾಗಲೇ ಹಾಲ್‌ನ ಗೋಡೆಯಲ್ಲಿದೆ, ಮೊಳೆ ಹೊಡೆದದ್ದು ನಾನೇ, ಸ್ವಲ್ಪ ಓರೆಯಾಗಿದೆ. ನನ್ನನ್ನು ಅವಳು ಏನು ಬೇಕಾದರೂ ಕರೆಯಲಿ. ಕಾನ್ವೆಂಟಿನ ಸಿಸ್ಟರುಗಳು ಲೋಲಾ ಅನ್ನುತ್ತಿದ್ದರು, ಅದೂ ಆಗುತ್ತದೆ.

ಮಗು ಬರುವಾಗ ಮನೆಯಲ್ಲಿ ಯಾರು? ನಾನು! ಒಂದೂವರೆ ಗಂಟೆಗೆ ಬಸ್ಸು. ಒಂದೂಕಾಲಿಗೆ ನಾನು ಕೆಳಗೆ. ಬೇರೆ ಕೆಲಸಕ್ಕೆ ಸೇರುವ ಯೋಚನೆ ಸದ್ಯಕ್ಕೆ ಇಲ್ಲ. ಶುಕ್ರವಾರ ಇಲ್ಲಿ ರಜೆ, ನಾವು ಮತ್ರಾ ಮಾರ್ಕೆಟ್ಟಿನಿಂದ ಅಂಜಲ್ ಮೀನು ತರುತ್ತೇವೆ, ಕೊತ್ತಂಬರಿ ಮೆಣಸು ಅರೆದು ಗಸಿ ಮಾಡುತ್ತೇನೆ. ಇವರೂ ಈಗ ಅಡುಗೆ ಕಲಿತಿದ್ದಾರೆ, ಗೊತ್ತೇ? ದಾಲ್ ಒಂದನ್ನು ಚೆನ್ನಾಗಿ ಮಾಡುತ್ತಾರೆ. ಯಾಕೆ ಕಲಿತರು ಎಂದು ಮಾತ್ರ ಕೇಳಬೇಡಿ!

ಕರೆತರುವ ವಿಷಯಕ್ಕೆ ಚಿಂತೆ ಬೇಡ. ರೋಸಲಿಂಡ್ ಅಣ್ಣನ ಮಗುವಿನ ನಾಮಕರಣಕ್ಕೆ ಊರಿಗೆ ಬರುತ್ತಿದ್ದಾರೆ, ಮೂವತ್ತನೇ ತಾರೀಕು ಮರಳುತ್ತಾರೆ. ಬೊಂಬಾಯಿಯಲ್ಲಿ ವಿಮಾನ ಬದಲಾಯಿಸುವಾಗ ಪೂರ್ಣಿಯ ಕೈ ಬಿಡುವುದಿಲ್ಲ ಎಂದು ಶಿಲುಬೆ ಮುಟ್ಟಿ ಹೇಳಿದ್ದಾರೆ. ವೀಸಾದ ಕಾಗದ ಅವರ ಕೈಯಲ್ಲೇ ಕಳಿಸುತ್ತೇನೆ. ಎರಡನೇ ತರಗತಿಯ ಪರೀಕ್ಷೆಯನ್ನು ನೀವು ನಾಲ್ಕು ದಿನ ಮುಂಚೆ ಮಾಡಿದರೆ ಯಾರು ಬೇಡ ಅನ್ನುತ್ತಾರೆ, ಹೆಡ್‌ಮಿಸ್ ನೀವೇ ಅಲ್ಲವೇ? ಬೇಸಿಗೆ ರಜೆಗೆ ಅವಳು ನಿಮ್ಮ ಮಡಿಲಿಗೇ ಬರುತ್ತಾಳೆ, ಇದು ನನ್ನ ಮಾತು.

ಉತ್ತರವನ್ನು ರೋಸಲಿಂಡರ ಕೈಗೇ ಕೊಡಿ. ಪೂರ್ಣಿಯನ್ನೇ ಕೊಟ್ಟರೆ ಉತ್ತರ ಬರೆಯುವುದೂ ಬೇಡ.

ನಿಮ್ಮ ಪಾದಗಳಿಗೆ ವಂದಿಸುತ್ತಾ,
ಬಾಲ್ಕನಿಯಲ್ಲಿ ವಾಚು ಹಿಡಿದು ನಿಂತಿರುವ
ಲೋಲಾಕ್ಷಿ

ಮತ್ತೆ ಬರೆದದ್ದು: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಮೇಲೆ ಒಂದು ಸಂಗತಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಫ್ಲಾಟಿನಲ್ಲಿ ಹದಿನೇಳು ದಿನಗಳಿಂದ ನಾನೊಬ್ಬಳೇ ಇದ್ದೇನೆ. ಇವರ ಕೆಲಸ ಕ್ಯಾಂಪಿನಲ್ಲೇ. ಹೆಂಡತಿ ಜೊತೆಗಿದ್ದರೆ ಮಾತ್ರ ಕಂಪನಿ ಅಲ್ಲಿ ಮನೆ ಕೊಡುತ್ತದೆ. ನಾನು ಹೊರಟ ವಾರವೇ ಆ ಮನೆಯನ್ನು ಬೇರೆ ಸಂಸಾರಕ್ಕೆ ಕೊಟ್ಟರು, ಇವರು ಬ್ಯಾಚುಲರ್ ಮೆಸ್ಸಿಗೆ ಹೋದರು, ದಾಲ್ ಕಲಿತದ್ದು ಅಲ್ಲಿಯೇ. ಗುರುವಾರ ಸಂಜೆ ಬರುತ್ತಾರೆ, ಶುಕ್ರವಾರ ಸಂಜೆ ಹೋಗುತ್ತಾರೆ. ಮಸ್ಕತ್ತಿನ ಆಫೀಸಿಗೆ ವರ್ಗವಾಗಲು ಇನ್ನೂ ಎರಡು ವರ್ಷವಾದರೂ ಬೇಕು. "ಅಷ್ಟು ದಿನ ಮಗು ಟೀಚರ ಹತ್ತಿರವೇ ಇರಲಿ, ನೀನು ಹಠ ಮಾಡಬೇಡ" ಎಂದು ಇವರು ತುಂಬಾ ಹೇಳಿದರು. ಹಠ ಮಾಡಿದ್ದು ನಾನೇ. ಎರಡು ವರ್ಷಕ್ಕೊಮ್ಮೆ ಕಾಣುವ ಅಪ್ಪ ವಾರಕ್ಕೊಮ್ಮೆ ಬಂದರೆ, ಮಗು ಅಡಗಿಕೊಳ್ಳುವುದಿಲ್ಲ. ಇದನ್ನು ಮೊದಲೇ ಬರೆದಿದ್ದರೆ ನೀವು "ಪಾಪ, ಹೊಸ ಜೋಡಿ, ಅವರಿಬ್ಬರೂ ಒಟ್ಟಿಗೆ ಇರಲಿ" ಎಂದು ಪೂರ್ಣಿಯನ್ನು ಅಲ್ಲೇ ಇಟ್ಟುಕೊಳ್ಳುತ್ತಿದ್ದಿರಿ. ಆ ಮನೆ ಹೋಯಿತು, ಟೀಚರ್, ಇಲ್ಲಿಯವರು ಅನ್ನುವ ಹಾಗೆ ಖಲಾಸ್. ನನ್ನ ಮೇಲೆ ಕನಿಕರಪಟ್ಟು ಅವಳನ್ನು ನಿಲ್ಲಿಸಿಕೊಳ್ಳಬೇಡಿ. ಕನಿಕರ ಬಂದರೆ ಕಳಿಸಿಕೊಡಿ. ಶನಿವಾರದಿಂದ ಬುಧವಾರದವರೆಗೆ ಈ ಮನೆಯಲ್ಲಿ ನನ್ನ ಹತ್ತಿರ ಮಾತಾಡಲು ಯಾರೂ ಇಲ್ಲ.