ಮೇಲಿನ ಮನೆಯಲ್ಲಿ ಎಷ್ಟು ಜನ

ಫೆಬ್ರವರಿ 2, ಬೆಳಗ್ಗೆ

ಹಾಲು ಉಕ್ಕಿತು. ಒಲೆ ಒರೆಸುವಷ್ಟರಲ್ಲಿ ಲ್ಯಾಬಿಗೆ ತಡ. ಇವತ್ತು ಕಟ್ಟುಹಲ್ಲಿನ ಎರಡು ಸೆಟ್ ಪಾಲಿಷ್ ಆಗಬೇಕು. ಊರವರ ಬಾಯಿಗೆ ಹಲ್ಲು ಕಟ್ಟಿದರೆ ನನ್ನ ಬಾಯಿಗೆ ಅನ್ನ.

ತಿಂಗಳ ಕೊನೆಗೆ ಮನೆ ಅಗ್ರಿಮೆಂಟ್ ಮುಗಿಯುತ್ತದೆ. ಅಕ್ಕ ಇದ್ದಾಗ ಬಾಡಿಗೆ ಇಬ್ಬರಿಗೂ ಅರ್ಧರ್ಧ. ಅವಳು ತೀರಿಹೋದ ಮೇಲೆ ನನ್ನ ಸಂಬಳದ ಮುಕ್ಕಾಲು ಪಾಲು ಅದಕ್ಕೇ. ಮಾಲೀಕರು ಇಳಿಸದಿದ್ದರೆ ಮನೆ ಬಿಡಬೇಕು. ಅವಳ ಕೋಣೆ ಬಿಟ್ಟು ಹೋಗುವುದೆಂದರೆ... ಇರಲಿ. ತಡವಾಯಿತು.

ಫೆಬ್ರವರಿ 5

ಕೆಳಗಿನ ಮನೆಗೆ ಇಳಿದು ಕೇಳಿಯೇಬಿಟ್ಟೆ. ಮಾಲೀಕರು ರಿಟೈರ್ಡ್ ಲೆಕ್ಕದ ಮೇಷ್ಟ್ರು. "ಕೂಡೋದು ಬರುತ್ತೆ, ಕಳೆಯೋದು ಬರಲ್ಲ" ಎಂದು ಅಕ್ಕ ನಗುತ್ತಿದ್ದಳು.

"ಅಂಕಲ್, ಈಗ ನಾನೊಬ್ಬಳೇ. ಸ್ವಲ್ಪ ಇಳಿಸಿಕೊಡಿ."

"ಒಬ್ಬಳೇ ಅಂತೀಯಲ್ಲಮ್ಮ, ನೀನು ಕೆಲಸಕ್ಕೆ ಹೋದಾಗ ಮೇಲೆ ಓಡಾಡೋರು ಯಾರು?"

ನಗು ಬಂತು. "ಇಲಿ ಇರಬೇಕು."

"ಇಲಿ ಚಪ್ಪಲಿ ಹಾಕ್ಕೊಳ್ಳುತ್ತಾ?"

ಯಾರನ್ನೋ ಗುಟ್ಟಾಗಿ ಇಟ್ಟುಕೊಂಡಿದ್ದೇನೆಂದು ಅನುಮಾನ. ಇಬ್ಬರಿದ್ದರೆ ಇಬ್ಬರ ಬಾಡಿಗೆ ಎಂದು ಬಾಗಿಲು ಹಾಕಿಕೊಂಡರು. ಮೈಯೆಲ್ಲ ಉರಿದುಹೋಯಿತು.

ಫೆಬ್ರವರಿ 11

ಮೆಟ್ಟಿಲ ಬಳಿ ಆಂಟಿ ಸಿಕ್ಕರು — ಮೇಷ್ಟ್ರ ಹೆಂಡತಿ. ತೋಳಿನ ತುಂಬ ಒಣಗಿದ ಬಟ್ಟೆ. ದನಿ ತಗ್ಗಿಸಿ ಕೇಳಿದರು.

"ಬೇಜಾರು ಮಾಡ್ಕೋಬೇಡ. ನಿಮ್ಮನೇಲಿ ಇರೋರಿಗೆ ಕಾಲು ನೋವಾ? ಒಂದು ಕಾಲು ಎಳೆದಂಗೆ ಕೇಳ್ಸುತ್ತೆ. ಕಿಟಕಿವರೆಗೂ ಬಂದು ನಿಂತುಬಿಡುತ್ತೆ. ಪಾಪ ಅನ್ಸುತ್ತೆ ಕಣಮ್ಮ."

ಅಕ್ಕ ಕಾಲೆಳೆದು ನಡೆದದ್ದು ಕಾಯಿಲೆಯ ಕೊನೆಕೊನೆಗೆ. ನಾನು ಬರುವುದನ್ನು ನೋಡಲು ಕಿಟಕಿಗೆ ಬಂದು ನಿಲ್ಲುತ್ತಿದ್ದಳು. ಆಗ ಇವರಿಬ್ಬರೂ ಬೇರೆ ಊರಿನಲ್ಲಿದ್ದರು, ಬಾಡಿಗೆಯ ಮಾತೆಲ್ಲ ಫೋನಿನಲ್ಲೇ. ಕೆಳಗಿನ ಮನೆಗೆ ಬಂದದ್ದೇ ಅವಳು ಹೋದ ಮೇಲೆ. ನಾನಂತೂ ಯಾರಿಗೂ ಹೇಳಿಲ್ಲ.

ಫೆಬ್ರವರಿ 12

ರಜೆ ಹಾಕಿದೆ. ಅಕ್ಕನ ಕೋಣೆಯ ಬಾಗಿಲಲ್ಲಿ ಕೂತೇ ಇದ್ದೆ. ಕಿವಿಯೆಲ್ಲ ಅಲ್ಲೇ. ಏನೂ ಇಲ್ಲ. ಬೀದಿಯಲ್ಲಿ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು, ಅಷ್ಟೇ.

ಬಾಡಿಗೆ ವಸೂಲಿ ಮಾಡುವವರ ಕಿವಿಗೆ ಬೀಳುತ್ತಾಳೆ. ಒಡಹುಟ್ಟಿದವಳ ಕಿವಿಗೆ ಬೀಳುವುದಿಲ್ಲ. ಹೊಟ್ಟೆಕಿಚ್ಚಾಯಿತು... ಬರೆಯಲು ನಾಚಿಕೆ. ಆದರೂ ಆಯಿತು.

ಫೆಬ್ರವರಿ 20

ಕಣ್ಣಾರೆ ನೋಡಲಿ ಎಂದು ಮೇಷ್ಟ್ರನ್ನು ನಾನೇ ಕರೆದೆ. ಕೋಣೆ ನೋಡಿದರು. ಸುತ್ತಿಟ್ಟ ಹಾಸಿಗೆ, ಖಾಲಿ ಮಂಚ. ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದರು — ಧೂಳು. ಮುಖ ಸಣ್ಣದಾಯಿತು.

"ತಪ್ಪು ತಿಳ್ಕೊಂಡೆ. ಬಾಡಿಗೇಲಿ ಕಾಲು ಭಾಗ ಇಳಿಸ್ತೀನಮ್ಮ. ಇರೋದು ಒಬ್ಬರೇ ಅಂತ ಅಗ್ರಿಮೆಂಟಲ್ಲಿ ಹಾಕಿಸ್ತೀನಿ. ಆಯ್ತಾ?"

ಆಯ್ತು ಎಂದೆ. ಅವರು ಗೋಡೆ ಹಿಡಿದುಕೊಂಡು ಇಳಿದರು. ಗೆದ್ದೆ. ಊಟ ಸೇರಲಿಲ್ಲ.

ಫೆಬ್ರವರಿ 27, ಸಂಜೆ

ಸಹಿ ಹಾಕಲು ಕೆಳಗೆ ಕರೆದರು. ಆಂಟಿ ಬಾಗಿಲು ತೆಗೆಯುತ್ತಲೇ, "ಇವರು ಅಗ್ರಿಮೆಂಟ್ ಟೈಪ್ ಮಾಡ್ಸಿ ತಂದ ದಿನದಿಂದ ಮೇಲೆ ಸದ್ದೇ ಇಲ್ಲ ಕಣೆ" ಎಂದರು. ಸಮಾಧಾನದ ದನಿಯಲ್ಲ. ಕಳೆದುಕೊಂಡವರ ದನಿ.

'ವಾಸಿಸುವವರು: ಒಬ್ಬರು.'

ಪೆನ್ನು ಹಿಡಿದೆ. ಆಗಲಿಲ್ಲ.

"ಅಂಕಲ್, ಹಳೇ ಬಾಡಿಗೇನೇ ಇರಲಿ. ಇಬ್ಬರು ಅಂತ ಬರೆದುಬಿಡಿ."

"ತಲೆ ಕೆಟ್ಟಿದೆಯಾ? ಎಲ್ಲಿಂದ ತರ್ತೀಯಾ?"

"ಭಾನುವಾರವೂ ಕೆಲಸ ಮಾಡ್ತೀನಿ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಆಂಟಿ ತಲೆಯಾಡಿಸಿದರು. ಮೇಷ್ಟ್ರು 'ಒಬ್ಬರು' ಹೊಡೆದುಹಾಕಿ 'ಇಬ್ಬರು' ಎಂದು ಬರೆದರು.

"ಎರಡನೆಯವರ ಹೆಸರು ಹೇಳು."

ಅವಳು ಹೋದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳಿಯೇ ಇರಲಿಲ್ಲ. ಹೇಳಿದೆ. ಗಂಟಲಲ್ಲೇ ಉಳಿಯಿತು.

"ಕೇಳಿಸಲಿಲ್ಲಮ್ಮ."

ಕೂಗಿದಂತೆ ಹೇಳಿದೆ. ಮೂವರೂ ಒಟ್ಟಿಗೇ ತಲೆಯೆತ್ತಿದೆವು. ಕೆಳಗೆ ಕೂತು ಕೇಳಿದ್ದು ನಾನು ಇವತ್ತೇ ಮೊದಲು. ಮೇಲೆ ಒಂದು ಕಾಲೆಳೆಯುವ ಸದ್ದು, ಕಿಟಕಿಯವರೆಗೂ.