ಒಳಗೆ ಬಿಡುವ ಬಟ್ಟೆ

ಮಾರ್ಚ್ ೧೪, ಶುಕ್ರವಾರ

ನನ್ನ ಬಾಯಿಬಡುಕಿ ತಂಗಿಗೆ,

ಅಕ್ಕನ ಮನಸಾರೆ ಹಾರೈಕೆ. ನಿನ್ನ ಮೂರು ಪತ್ರಗಳೂ ಹೊಲಿಗೆ ಮಷೀನಿನ ಡ್ರಾಯರಿನಲ್ಲೇ ಇವೆ. ಉತ್ತರ ಬರೆಯದ್ದಕ್ಕೆ ಕೋಪ ಮಾಡಿಕೋ, ಆದರೆ ಇದನ್ನು ಓದಿದ ಮೇಲೆ.

ನಿನ್ನ ಅನುಮಾನ ನಿಜ. ದಪ್ಪಗಾಗುವ ಭಯಕ್ಕೆ ಊಟ ಬಿಡುವ ಕಾಯಿಲೆ, ಅನೊರೆಕ್ಸಿಯಾ ಅಂತೆ. ನಲವತ್ತೆರಡರ ಹೆಂಗಸಿಗೆ ಇದೆಂಥದು ಎನ್ನಬೇಡ, ನಾನೂ ಹಾಗೇ ಅಂದುಕೊಂಡಿದ್ದೆ. ಇನ್ನೆರಡು ಕಿಲೋ ಇಳಿದರೆ ಆಸ್ಪತ್ರೆ ಸೇರಬೇಕು ಎಂದಿದ್ದಾರೆ ಡಾಕ್ಟರು.

ಪ್ರತಿ ಮಂಗಳವಾರ ಆಪ್ತಸಮಾಲೋಚಕಿಯ ಹತ್ತಿರ ಹೋಗುತ್ತೇನೆ. ಮೊದಲು ತೂಕ ನೋಡುತ್ತಾರೆ, ಆಮೇಲೆ ಇವತ್ತೇನು ಮಾತಾಡೋಣ ಎಂದು ನನ್ನನ್ನೇ ಕೇಳುತ್ತಾರೆ. ಬುದ್ಧಿವಾದ ಶುರುವಾದರೆ ಎದ್ದು ಬರೋಣವೆಂದು ತುದಿಗಾಲಲ್ಲಿದ್ದೆ. ಶುರುವಾಗಲೇ ಇಲ್ಲ. ಮೂರು ವಾರ ಬರೀ ನನ್ನ ಹೊಲಿಗೆ ಅಂಗಡಿಯ ಕಾಲರು, ತೋಳಿನ ವಿಷಯ ಕೊರೆದೆ, ಪಾಪ, ಕೇಳಿಸಿಕೊಂಡರು. ನಾಲ್ಕನೇ ವಾರ, ಇಷ್ಟು ಇಳಿದರೂ ಅಂಗಿ ಮೈಗೆ ಸರಿಯಾಗೇ ಇದೆಯಲ್ಲ ಎಂದರು. ಸಿಕ್ಕಿಬಿದ್ದೆ. ಎರಡು ವರ್ಷದಿಂದ ಅಂಗಿಗಳ ಪಕ್ಕ ಬೆರಳಗಲ ಬೆರಳಗಲ ಒಳಗೆ ಹಿಡಿದು ಹೊಲಿಯುತ್ತ ಬಂದಿದ್ದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಬೈಯಲಿಲ್ಲ. “ಒಬ್ರೇ ಊಟ ಮಾಡೋದು ಕಷ್ಟ ಆದ್ರೆ, ಜೊತೆಗೆ ಕೂರೋರು ಯಾರಿದಾರೆ?” ಎಂದರು. ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವವಳಿದ್ದಾಳೆ ಎಂದೆ. ಈಗ ಮಧ್ಯಾಹ್ನ ಅವಳೆದುರು ನನ್ನ ತಟ್ಟೆ. ಅದು ಖಾಲಿಯಾಗುವವರೆಗೆ ಗಿರಾಕಿಗಳನ್ನೆಲ್ಲ ಆಡಿಕೊಳ್ಳುತ್ತಾಳೆ. ಒಂದೊಂದು ದಿನ ತುತ್ತು ಗಂಟಲಲ್ಲಿ ಇಳಿಯದೆ ಅಳು ಬರುತ್ತದೆ. ಆಗ ಅವಳು ನೋಡದವಳ ಹಾಗೆ ಸೂಜಿಗೆ ದಾರ ಪೋಣಿಸುತ್ತಾಳೆ.

ಈ ತಿಂಗಳು ಒಂದು ಕಿಲೋ ಏರಿದೆ. ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಮಂಗಳವಾರ ಅವರಿಗೆ ಎರಡನ್ನೂ ಹೇಳಿದೆ, ಎರಡೂ ಇರಲಿ ಬಿಡಿ ಎಂದರು.

ನೀನೂ ಮಕ್ಕಳೂ ತಣ್ಣಗಿರಿ. ನಾನು ಬಂದಾಗ ಬಡಿಸು, ಒತ್ತಾಯ ಮಾಡಬೇಡ.

ನಿನ್ನ ಅಕ್ಕ

ಇನ್ನೊಂದು ಮಾತು. ನಾಳೆ ಮೈ ತುಂಬಿಕೊಂಡರೆ ಬಿಚ್ಚಲು ಒಳಗೆ ಎರಡು ಬೆರಳು ಬಟ್ಟೆ ಬಿಡಬೇಕೆಂದು ನಮಗೆ ಕಲಿಸಿದವಳು ಅಮ್ಮ. ತೀರಿಕೊಳ್ಳುವ ಹಿಂದಿನ ವಾರ ಅವಳು ಮಲಗಿದಲ್ಲಿಂದಲೇ ನನ್ನ ಅಂಗಿಯ ಪಕ್ಕ ಸವರಿದಳು. ಹಿಡಿದು ಹಿಡಿದು ಜೇಬು ಪಕ್ಕದ ಹೊಲಿಗೆಗೇ ತಾಗಿಬಿಟ್ಟಿತ್ತು, ಅವಳ ಕೈಗೆ ಗೊತ್ತಾಯಿತು. “ಒಳಗೆ ಬಟ್ಟೆ ಬಿಟ್ಟಿದೀಯಾ, ಮಗಳೇ?” ಎಂದಳು. ಬಿಟ್ಟಿದೀನಮ್ಮ ಎಂದೆ. ಸಮಾಧಾನವಾಗಿ ನಿದ್ದೆಹೋದಳು. ಒಂದೆಳೆಯೂ ಬಿಟ್ಟಿರಲಿಲ್ಲ ಕಣೇ, ಎಲ್ಲ ಕತ್ತರಿಸಿ ಎಸೆದಿದ್ದೆ. ಮಂಗಳವಾರದವರಿಗೂ ಇದನ್ನಿನ್ನೂ ಹೇಳಿಲ್ಲ.